ನಮ್ಮ ಓಣಿ ನಕ್ಷೆಯಲ್ಲಿ ಎಲ್ಲಿದೆ?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಮೊಹಲ್ಲಾದ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಬೇಗನೇ ಬಂತು. ಆದರೆ ಓಣಿಯ ಬಾಯಲ್ಲೇ ನಿಂತಿತು, ಒಳಗೆ ಬರಲು ಜಾಗವಿಲ್ಲ. ಹುಡುಗರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಳೆಯಲ್ಲೇ ಹೊತ್ತು ತಂದರು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು.

ಮರುದಿನ ಎಲ್ಲರೂ ಬೈದದ್ದು ಸರಕಾರವನ್ನು. ಆದರೆ ಓಣಿಯನ್ನು ಕಿರಿದು ಮಾಡಿದ್ದು ಯಾರು? ಗಲ್ಫಿನಲ್ಲಿ ಬೆವರು ಸುರಿಸಿ ಐದು ಸೆಂಟ್ಸ್ ಜಾಗ ಮಾಡಿದ ನಾವೇ. ಒಬ್ಬರು ಒಂದಡಿ, ಇನ್ನೊಬ್ಬರು ಎರಡಡಿ ಮುಂದೆ ತಂದು ಕಂಪೌಂಡ್ ಕಟ್ಟಿದೆವು. ದಾರಿಯ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ (ಸ.ಅ.) ಅವರು ತೀರ್ಪು ನೀಡಿದ್ದನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರೂ ನಾವೇ!

ಇಂಥ ತೊಂದರೆ ಬಾರದಂತೆ ಮೊದಲೇ ಯೋಚಿಸುವುದು ನಗರ ಯೋಜಕರ ಕೆಲಸ. ಮಂಗಳೂರಿನಲ್ಲಿ ಅದರ ಹೊಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ನಾವೆಲ್ಲ ಹೇಳುವ 'ಮುಡಾ'ದ್ದು. ಅವರ ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಎಂದರೆ ವಾಸದ ಮನೆ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಪಾರ್ಕು-ಮೈದಾನ. ಯಾವ ರಸ್ತೆ ಎಷ್ಟು ಅಗಲ ಎಂಬುದೂ ಅಲ್ಲೇ ತೀರ್ಮಾನ.

ಮನೆ ಕಟ್ಟುವ ಲೈಸೆನ್ಸಿಗೆ ಹೋದಾಗ 'ಇಲ್ಲಿ ರಸ್ತೆ ಬರ್ತದೆ, ಕೊಡ್ಲಿಕ್ಕಾಗುವುದಿಲ್ಲ' ಎಂದರೆ ನಾವು ತಲೆಯ ಮೇಲೆ ಕೈಹೊತ್ತು ಕೂರುತ್ತೇವೆ. ಆದರೆ ಆ ಗೆರೆ ನಿನ್ನೆ ಮೊನ್ನೆ ಎಳೆದದ್ದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡು ನಕ್ಷೆಯನ್ನು ಪ್ರಕಟಿಸಿ, ಜನರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. ಆ 60 ದಿನ ನಾವೆಲ್ಲಿದ್ದೆವು? ನೋಟಿಸು ಬಂದ ಪೇಪರಿನಲ್ಲಿ ಮೀನು ಕಟ್ಟಿ ತಂದಿದ್ದೆವೇನೋ!

ಯೋಜಕರಿಗೆ ಓದು ಇದೆ, ಅಳತೆ ಗೊತ್ತು. ಆದರೆ ಮಳೆಗೆ ಯಾರ ಅಂಗಳಕ್ಕೆ ನೀರು ನುಗ್ಗುತ್ತದೆ, ಶಾಲೆಗೆ ಹೋಗುವ ಮಕ್ಕಳು ಎಲ್ಲಿ ಹೆದ್ದಾರಿ ದಾಟುತ್ತಾರೆ, ದಫನ ಭೂಮಿಯಲ್ಲಿ ಇನ್ನೆಷ್ಟು ಜಾಗ ಉಳಿದಿದೆ, ಇದು ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಉಮ್ಮಂದಿರಿಗೆ ಗೊತ್ತು. ಅದನ್ನು ಕಾಗದದಲ್ಲಿ ಬರೆದು, ಸರ್ವೆ ನಂಬರ್ ಸಮೇತ ಕೊಟ್ಟು ಸ್ವೀಕೃತಿ ಪಡೆಯುವುದು ನಮ್ಮ ಕೆಲಸ. ಬರೆದು ಕೊಟ್ಟದ್ದೆಲ್ಲ ಆಗಿಬಿಡುತ್ತದೆ ಎಂದಲ್ಲ. ಆದರೆ ಬಾಯಿ ಬಿಡದವರ ಓಣಿಗೆ ನಕ್ಷೆಯಲ್ಲಿ ಜಾಗ ಸಿಗುವುದು ಕಷ್ಟ.

ಜಮಾಅತ್ ಕಮಿಟಿಗಳು ಇಷ್ಟು ಮಾಡಲಿ: ಕರಡು ಪ್ರಕಟವಾದ ವಾರವೇ ಜುಮಾದ ಬಳಿಕ ತಿಳಿಸಲಿ, ಕಾಲೇಜು ಓದುವ ಮಕ್ಕಳನ್ನು ಕೂರಿಸಿ ನಕ್ಷೆ ಓದಿಸಲಿ, ನೆರೆಯ ಹಿಂದೂ, ಕ್ರೈಸ್ತ ಮನೆಯವರನ್ನೂ ಸೇರಿಸಿಕೊಳ್ಳಲಿ. ಓಣಿ ಎಲ್ಲರದ್ದು ತಾನೆ?

ನಕ್ಷೆ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಮುಂದಿನ ಕಂಪೌಂಡ್ ಕಟ್ಟುವಾಗ ಎರಡಡಿ ಹಿಂದೆ ಸರಿಯುವ. ಆಂಬುಲೆನ್ಸ್ ನಾಳೆ ಯಾರ ಮನೆಗೆ ಬರಬೇಕಾಗ್ತದೋ, ಅಲ್ಲಾಹನೇ ಬಲ್ಲ.