ಸವಳು ತೊಳೆಯುವ ನೀರಿನ ಲೆಕ್ಕ

ಬೇಸಿಗೆ ಕಾಲಿಡುವ ಹೊತ್ತಿಗೆ ಸಿಂಧನೂರು ಸೀಮೆಯ ತಗ್ಗು ಹೊಲಗಳಲ್ಲಿ ಅಡ್ಡಾಡಿ ನೋಡಿ. ಬದುವಿನ ಅಂಚು ಸುಣ್ಣ ಬಳಿದಷ್ಟು ಬೆಳ್ಳಗೆ. ಹಿಮ್ಮಡಿ ಊರಿದರೆ ಹಪ್ಪಳದ ಹಾಗೆ ಮುರಿಯುವ ಪದರ, ಅದರಡಿ ಜಿಗುಟು ಕೆಸರು. ಮೇಲೆ ಸವಳು, ಕೆಳಗೆ ಜವಳು.

1953ರಲ್ಲಿ ತುಂಗಭದ್ರೆ ಕಾಲುವೆಗೆ ಹರಿದಾಗ ಈ ಎರೆನೆಲದ ಬಹುಪಾಲಿಗೆ ಯೋಜನೆಯಲ್ಲಿ ಬರೆದಿದ್ದದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಕಾಲುವೆಯ ಮೇಲ್ಭಾಗದವರು ನೆಲ್ಲು ಹಚ್ಚಿದರು. ಕೈಗೆ ರೊಕ್ಕ ಬರುವ ಬೆಳೆಯನ್ನು ಯಾರು ಬಿಟ್ಟಾರು? ಆದರೆ ಎರೆಮಣ್ಣು ಸುಲಭಕ್ಕೆ ಬಸಿಯುವುದಿಲ್ಲ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ಸಿಹಿನೀರನ್ನೇ ಒಂದು ಬೆಳೆಗೆ ಒಟ್ಟು ಒಂದು ಮೀಟರ್ ಉಣಿಸಿದರೂ ಎಕರೆಗೆ 800 ಕಿಲೊ ಉಪ್ಪು ಸುರಿದಂತೆ. ನೀರು ಆವಿಯಾಗುತ್ತದೆ; ಉಪ್ಪು ಹೋಗಲು ದಾರಿಯಿಲ್ಲ.

ಆ ದಾರಿ ಮಾಡಿಕೊಡುವುದೇ ಮದ್ದು. ಸುಮಾರು ಮೀಟರ್ ಆಳದಲ್ಲಿ ತೂತುಳ್ಳ ಪ್ಲಾಸ್ಟಿಕ್ ಕೊಳವೆ ಹೂತು, ಹೊಲದಲ್ಲಿ ನೀರು ನಿಲ್ಲಿಸಿ, ಕರಗಿದ ಉಪ್ಪನ್ನು ಹಳ್ಳಕ್ಕೆ ಬಸಿಯಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ದುಡಿದಿದೆ. ಹತ್ತಿಗಿಂತ ನೆಲ್ಲು ಉಪ್ಪಿಗೆ ಬೇಗ ಸೋಲುವ ಬೆಳೆ. ಆದರೂ ತೊಳೆಯುವ ಹೊಲಕ್ಕೆ ನೆಲ್ಲೇ ಬೇಕಾಗುತ್ತದೆ, ನಿಂತ ನೀರು ಉಪ್ಪನ್ನು ಕೆಳಕ್ಕೆ ತಳ್ಳುತ್ತದಲ್ಲ.

ರೈತ ಸಿಕ್ಕಿಬೀಳುವುದು ಇಲ್ಲೇ. ಮೊದಮೊದಲ ಹಂಗಾಮುಗಳಲ್ಲಿ ಕಟ್ಟಿದ ನೀರು ತೆನೆಗಿಂತ ಹೆಚ್ಚಾಗಿ ಮಣ್ಣಿನ ಸ್ನಾನಕ್ಕೆ ಹೋಗುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ ಮಾತ್ರ ಪೂರ್ತಿ. ಸಾಲದ ಬಡ್ಡಿಯೂ ಕಾಯುವುದಿಲ್ಲ. ವರ್ಷದ ಲಾವಣಿಗೆ ಹೊಲ ಮಾಡಿದವನು ಮುಂದಿನ ವರ್ಷ ಇನ್ನೊಬ್ಬನ ಪಾಲಾಗುವ ಮಣ್ಣಿಗೆ ಯಾಕೆ ಕೊಳವೆ ಹಾಕಿಸಿಯಾನು? ಒಡೆಯನೇ ಹಾಕಿಸಿದರೂ ಮೇಲಿನ ಹೊಲದವನು ಹಗಲು ರಾತ್ರಿ ನೀರು ಬಿಟ್ಟರೆ ಆ ಬಸಿ ಇವನ ಹೊಲಕ್ಕೇ ಇಳಿಯುತ್ತದೆ. ನೀರಿನ ಕರ ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿದೆ, ಹರಿದ ನೀರಿನ ಅಳತೆಯಲ್ಲಿಲ್ಲ. ಹೆಚ್ಚು ಬಿಟ್ಟವನಿಗೆ ಹೆಚ್ಚು ಖರ್ಚಿಲ್ಲ. ಆ ಖರ್ಚನ್ನು ತೆರುವವನು ತಗ್ಗಿನವನು. ಕಾಲುವೆಯ ಕೊನೆಯಲ್ಲಿ, ಮಾನ್ವಿಯಾಚೆ, ನೀರೇ ತಲುಪದೆ ಒಣಗುವವನೂ ತೆರುತ್ತಾನೆ.

ಹಾಗಾಗಿ ಬಸಿಗಾಲುವೆಯನ್ನು ಒಬ್ಬೊಬ್ಬ ರೈತನ ಸಾಲದ ಪುಸ್ತಕಕ್ಕೆ ಬರೆಯುವುದು ಅನ್ಯಾಯ ಎಂದೇ ನನ್ನ ಅನಿಸಿಕೆ. ನೀರು ತಂದ ಯೋಜನೆಯೇ ನೀರನ್ನು ಹೊರಗೆ ಕಳಿಸುವ ಹೊಣೆಯನ್ನೂ ಹೊರಬೇಕು. ಒಂದು ಹಳ್ಳದ ಎರಡೂ ದಂಡೆಯ ಹೊಲಗಳಿಗೆ ಒಟ್ಟಿಗೇ ಕೊಳವೆ ಬೀಳಬೇಕು. ಕೊಳವೆಯ ಬಾಯಿಂದ ಸುರಿಯುವ ನೀರನ್ನು ನಾಲಿಗೆಗೆ ಹಚ್ಚಿದರೆ ಉಪ್ಪು ಗೊತ್ತಾಗುತ್ತದೆ; ಆ ಬಾಯಿಗೆ ಜೊಂಡು ಬೆಳೆದು ಮುಚ್ಚಿಕೊಂಡರೆ ಮತ್ತೆ ಬದು ಬೆಳ್ಳಗಾಗುತ್ತದೆ. ಕಾಲುವೆಯ ಹೂಳು ತೆಗೆಸುವ ವರ್ಷದ ದುರಸ್ತಿಯ ಪಟ್ಟಿಯಲ್ಲಿ ಈ ಹಳ್ಳಗಳ ಜೊಂಡೂ ಸೇರಲಿ.