ಸರ್ವಾಧಿಕಾರಿಯ ಹುಟ್ಟು, ಮಹಾಯುದ್ಧದ ಬೇರು

'ಎರಡನೆಯ ಮಹಾಯುದ್ಧಕ್ಕೆ ಕಾರಣಗಳನ್ನು ಬರೆಯಿರಿ.' ಹೈಸ್ಕೂಲು ಓದುವ ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆ ಹತ್ತಿರವಾದಾಗ ಈ ಪ್ರಶ್ನೆ ಕೇಳಿಬರುತ್ತದೆ. ಮಕ್ಕಳು ಐದಾರು ಅಂಶಗಳನ್ನು ಬಾಯಿಪಾಠ ಮಾಡಿ, ಅಂಕ ಗಳಿಸಿ, ಮರೆತುಬಿಡುತ್ತಾರೆ. ದೊಡ್ಡವರಾದ ನಾವೂ ಅಷ್ಟೇ. ಹಿಟ್ಲರ್ ಎಂಬ ಒಬ್ಬ ದುಷ್ಟನಿದ್ದ, ಅವನಿಂದ ಯುದ್ಧವಾಯಿತು ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಒಬ್ಬನೇ ಒಬ್ಬನಿಂದ ಆರು ಕೋಟಿಗೂ ಮಿಕ್ಕಿ ಜನ ಸಾಯಲು ಸಾಧ್ಯವೇ? ಅವನಿಗೆ ಮತ ಕೊಟ್ಟವರು ಯಾರು? ಬಾಗಿಲು ತೆರೆದವರು ಯಾರು? ಕಣ್ಣಾರೆ ಕಂಡೂ ಸುಮ್ಮನಿದ್ದವರು ಯಾರು?

ಕ್ರೈಸ್ತರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅಂದಿನ ಜರ್ಮನಿಯಲ್ಲಿ ಬಹುತೇಕ ಎಲ್ಲರೂ ಜ್ಞಾನಸ್ನಾನ ಪಡೆದವರು. ಸುಮಾರು ಮೂರನೇ ಒಂದು ಭಾಗ ಕಥೋಲಿಕರು, ಉಳಿದವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ವಿದ್ಯೆ, ವಿಜ್ಞಾನ, ಸಂಗೀತ ಎಲ್ಲದರಲ್ಲೂ ಮುಂದಿದ್ದ ನಾಡದು. ಅಂಥ ನಾಡು ಹೀಗೇಕಾಯಿತು ಎಂಬುದನ್ನು ಒಂದೊಂದೇ ಮೆಟ್ಟಿಲಾಗಿ ನೋಡೋಣ.

ಸೋತ ನಾಡಿನ ಗಾಯ

1918ರ ನವೆಂಬರ್ 11ರಂದು ಮೊದಲ ಮಹಾಯುದ್ಧ ನಿಂತಿತು. ಜರ್ಮನಿ ಸೋತಿತ್ತು. ಆದರೆ ಸೋಲಿನ ಹೊಣೆಯನ್ನು ಸೇನಾಪತಿಗಳು ಹೊರಲಿಲ್ಲ. 'ನಾವು ರಣರಂಗದಲ್ಲಿ ಸೋಲಲಿಲ್ಲ, ಒಳಗಿನ ದ್ರೋಹಿಗಳು ಬೆನ್ನಿಗೆ ಇರಿದರು' ಎಂಬ ಸುಳ್ಳನ್ನು ಹಬ್ಬಿಸಿದರು. ಆ ಸುಳ್ಳಿಗೆ ಯೆಹೂದ್ಯರೂ ಸಮಾಜವಾದಿಗಳೂ ಗುರಿಯಾದರು.

1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿಯಾಯಿತು. ಅದರ 231ನೇ ವಿಧಿ ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಜರ್ಮನಿ ತನ್ನ ಎಲ್ಲ ವಸಾಹತುಗಳನ್ನೂ ಯೂರೋಪಿನಲ್ಲಿದ್ದ ನೆಲದಲ್ಲಿ ಸುಮಾರು ಶೇ. 13ರಷ್ಟನ್ನೂ ಕಳೆದುಕೊಂಡಿತು. ಸೈನ್ಯ ಒಂದು ಲಕ್ಷ ಮೀರಬಾರದು ಎಂದಾಯಿತು. 1921ರಲ್ಲಿ ಯುದ್ಧದ ದಂಡವನ್ನು 13,200 ಕೋಟಿ ಚಿನ್ನದ ಮಾರ್ಕ್ ಎಂದು ಗೊತ್ತುಮಾಡಲಾಯಿತು.

1923ರ ಜನವರಿಯಲ್ಲಿ, ಕಂತು ಸರಿಯಾಗಿ ಬರಲಿಲ್ಲವೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯಗಳು ರೂರ್ ಕಲ್ಲಿದ್ದಲ ಪ್ರದೇಶಕ್ಕೆ ನುಗ್ಗಿದವು. ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಮಗಳ ಮದುವೆಗೆಂದು, ಮುಪ್ಪಿನ ಕಾಲಕ್ಕೆಂದು ಕೂಡಿಟ್ಟ ಹಣ ರದ್ದಿ ಕಾಗದವಾಯಿತು. ಮಿತವಾಗಿ ಬಾಳಿದ ಮಧ್ಯಮ ವರ್ಗದ ಕುಟುಂಬಗಳಿಗೆ ಬಿದ್ದ ಈ ಪೆಟ್ಟು ಸುಲಭದಲ್ಲಿ ಮಾಯಲಿಲ್ಲ.

ಹಸಿವು ಹೊತ್ತು ತಂದ ಮತಗಳು

ಅದೇ 1923ರ ನವೆಂಬರಿನಲ್ಲಿ ಅಡಾಲ್ಫ್ ಹಿಟ್ಲರ್ ಮ್ಯೂನಿಕ್ ನಗರದಲ್ಲಿ ಬಲಾತ್ಕಾರದಿಂದ ಅಧಿಕಾರ ಹಿಡಿಯಲು ಹೋಗಿ ಸೋತ. ಹಿಂದಿನ ವರ್ಷ ಇಟಲಿಯಲ್ಲಿ ಮುಸೊಲಿನಿ ತನ್ನ ಕರಿ ಅಂಗಿಯ ಪಡೆಯನ್ನು ರೋಮಿನತ್ತ ನಡೆಸಿ ಪ್ರಧಾನಿಯಾಗಿದ್ದ, ಅದೇ ಮೇಲ್ಪಂಕ್ತಿ. ದೇಶದ್ರೋಹಕ್ಕೆ ಹಿಟ್ಲರನಿಗೆ ಬಿದ್ದ ಶಿಕ್ಷೆ ಐದು ವರ್ಷ. ಆದರೆ 1924ರ ಡಿಸೆಂಬರಿನಲ್ಲೇ ಬಿಡುಗಡೆಯಾಯಿತು. ಬಂದೂಕಿನಿಂದ ಆಗದ್ದನ್ನು ಮತಪೆಟ್ಟಿಗೆಯಿಂದ ಮಾಡಬೇಕೆಂದು ಅವನು ಕಲಿತುಕೊಂಡ.

ಆದರೂ ಹೊಟ್ಟೆ ತುಂಬಿದ್ದಾಗ ಜನ ಅವನ ಮಾತಿಗೆ ಕಿವಿಗೊಡಲಿಲ್ಲ. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಬರೀ 12 ಸ್ಥಾನ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಜರ್ಮನಿಗೆ ಕೊಟ್ಟ ಸಾಲವನ್ನು ಅಮೆರಿಕದವರು ಹಿಂದಕ್ಕೆ ಕೇಳಿದರು, ಕಾರ್ಖಾನೆಗಳು ಮುಚ್ಚಿದವು. 1930ರ ಸೆಪ್ಟೆಂಬರಿನಲ್ಲಿ ನಾಜಿಗಳಿಗೆ 107 ಸ್ಥಾನ. 1932ರ ಹೊತ್ತಿಗೆ ಕೆಲಸವಿಲ್ಲದವರು ಸುಮಾರು 60 ಲಕ್ಷ. ಆ ಜುಲೈಯಲ್ಲಿ ನಾಜಿಗಳಿಗೆ 230 ಸ್ಥಾನ! ಮನೆಯಲ್ಲಿ ಒಲೆ ಉರಿಯದಿದ್ದಾಗ, 'ನಿಮ್ಮ ಕಷ್ಟಕ್ಕೆಲ್ಲ ಇಂಥವರೇ ಕಾರಣ' ಎಂದು ಬೆರಳು ತೋರಿಸುವವನ ಮಾತು ಸಿಹಿಯಾಗಿ ಕೇಳಿಸುತ್ತದೆ.

ಒಂದು ಮಾತನ್ನು ಇಲ್ಲಿ ಹೇಳಬೇಕು. ಕಥೋಲಿಕರು ಹೆಚ್ಚಿರುವ ಪ್ರದೇಶಗಳಲ್ಲಿ ಅವನಿಗೆ ಬಿದ್ದ ಮತಗಳು ಕಡಿಮೆ. ನಾಜಿ ಪಕ್ಷವನ್ನು ಸೇರಬಾರದೆಂದು ಧರ್ಮಾಧ್ಯಕ್ಷರು ಎಚ್ಚರಿಸಿದ್ದರು. ಆ ಎಚ್ಚರ ಕೊನೆತನಕ ಉಳಿಯಿತೇ? ಮುಂದೆ ನೋಡೋಣ.

ಬಾಗಿಲು ತೆರೆದವರು

1932ರ ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆಯಿತು. ನಾಜಿಗಳ ಬಲ 230ರಿಂದ 196ಕ್ಕೆ ಇಳಿಯಿತು. ಮುಕ್ತ ಚುನಾವಣೆಯಲ್ಲಿ ಹಿಟ್ಲರನಿಗೆ ಬಹುಮತ ಬಂದದ್ದು ಎಂದೂ ಇಲ್ಲ. ಹಾಗಾದರೆ ಅಧಿಕಾರ ಹೇಗೆ ಸಿಕ್ಕಿತು? ಕೆಲವು ದೊಡ್ಡ ಮನುಷ್ಯರ ಒಳ ಒಪ್ಪಂದದಿಂದ. ಮಾಜಿ ಪ್ರಧಾನಿ ಫ್ರಾನ್ಜ್ ಫಾನ್ ಪಾಪೆನ್, ಅವರೂ ಒಬ್ಬ ಕಥೋಲಿಕ ಶ್ರೀಮಂತರು, ವೃದ್ಧ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಅವರನ್ನು ಒಪ್ಪಿಸಿದರು. ಹಿಟ್ಲರ್ ಪ್ರಧಾನಿಯಾಗಲಿ, ಮಂತ್ರಿಮಂಡಲದಲ್ಲಿ ನಾಜಿಗಳು ಮೂವರೇ ಇರುತ್ತಾರೆ, ಲಗಾಮು ನಮ್ಮ ಕೈಯಲ್ಲಿರುತ್ತದೆ ಎಂಬುದು ಅವರ ಲೆಕ್ಕ. 1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದ.

ಆ ಲೆಕ್ಕ ಎರಡು ತಿಂಗಳೂ ನಿಲ್ಲಲಿಲ್ಲ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೆಯ ದಿನವೇ ಒಂದು ತುರ್ತು ಆಜ್ಞೆ ಹೊರಟು, ಮಾತನಾಡುವ, ಸಭೆ ಸೇರುವ, ಪತ್ರಿಕೆ ನಡೆಸುವ ಹಕ್ಕುಗಳು ರದ್ದಾದವು. ಮಾರ್ಚ್ 22ರಂದು ಡಾಖೌ ಸೆರೆಶಿಬಿರ ತೆರೆಯಿತು. ಮಾರ್ಚ್ 23ರಂದು, ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನಿಗೆ ಒಪ್ಪಿಸುವ ಮಸೂದೆ ಬಂತು. ಕಮ್ಯೂನಿಸ್ಟ್ ಸದಸ್ಯರನ್ನು ಒಳಗೆ ಬಿಡಲಿಲ್ಲ. ಸಮಾಜವಾದಿ ಪಕ್ಷದ 94 ಮಂದಿ ಮಾತ್ರ 'ಬೇಡ' ಎಂದರು. 'ಬೇಕು' ಎಂದವರು 444. ಅವರಲ್ಲಿ ಕಥೋಲಿಕರ ಸೆಂಟರ್ ಪಕ್ಷವೂ ಇತ್ತು. ಅದರ ನಾಯಕ ಲೂಡ್ವಿಗ್ ಕಾಸ್ ಒಬ್ಬ ಗುರು. ಧರ್ಮಸಭೆಯ ಹಕ್ಕುಗಳನ್ನು ಗೌರವಿಸುವೆನೆಂದು ಹಿಟ್ಲರ್ ಕೊಟ್ಟ ಮಾತನ್ನು ಅವರು ನಂಬಿದರು. ಐದು ದಿನಗಳ ನಂತರ ಧರ್ಮಾಧ್ಯಕ್ಷರೂ ತಮ್ಮ ಹಳೆಯ ನಿಷೇಧವನ್ನು ಸಡಿಲಿಸಿದರು. ಜುಲೈ 14ರ ಕಾನೂನಿನಿಂದ ದೇಶದಲ್ಲಿ ಉಳಿದದ್ದು ಒಂದೇ ಪಕ್ಷ. ಜುಲೈ 20ರಂದು ವ್ಯಾಟಿಕನ್ ಜೊತೆ ಒಪ್ಪಂದಕ್ಕೆ ಸಹಿಯಾಯಿತು. ಶಾಲೆ, ಸಂಘ, ದೇವಾಲಯಗಳು ಸುರಕ್ಷಿತ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಮುಂದಿನ ವರ್ಷ ಜೂನ್ 30ರಂದು ಹಿಟ್ಲರ್ ತನ್ನ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. ಸತ್ತವರಲ್ಲಿ ಬರ್ಲಿನಿನ ಕಥೋಲಿಕ ಮುಂದಾಳು ಏರಿಖ್ ಕ್ಲೌಸೆನರ್ ಒಬ್ಬರು. ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡಾಗ ಸೈನಿಕರೆಲ್ಲ ದೇಶಕ್ಕಲ್ಲ, ಹಿಟ್ಲರನ ಹೆಸರಿಗೇ ಪ್ರಮಾಣ ಮಾಡಬೇಕಾಯಿತು. ಕಡಿಮೆ ಬೆಲೆಯ ರೇಡಿಯೋಗಳು ಮನೆಮನೆಗೆ ಬಂದು ಒಂದೇ ಧ್ವನಿಯನ್ನು ಕೇಳಿಸಿದವು. 1936ರ ಕಾನೂನು ಮಕ್ಕಳನ್ನೆಲ್ಲ ಹಿಟ್ಲರ್ ಯುವಪಡೆಯ ಕೈಗೆ ಒಪ್ಪಿಸಿತು.

ಶಿಲುಬೆಗಾಗಿ ಎದ್ದ ಜನ

ಜನರಿಗೆ ಏನೂ ಮಾಡಲಾಗುತ್ತಿರಲಿಲ್ಲವೇ? ಒಂದು ಘಟನೆ ಕೇಳಿ. 1936ರ ನವೆಂಬರಿನಲ್ಲಿ ಓಲ್ಡನ್‌ಬುರ್ಗ್ ಪ್ರಾಂತ್ಯದ ಸರ್ಕಾರ ಶಾಲೆಗಳಿಂದ ಶಿಲುಬೆಗಳನ್ನು ತೆಗೆಯಲು ಆಜ್ಞೆ ಮಾಡಿತು. ಅಲ್ಲಿನ ಕಥೋಲಿಕ ರೈತರು, ತಾಯಂದಿರು, ಗುರುಗಳು ಎದ್ದು ನಿಂತರು. ಊರೂರಿಂದ ನಿಯೋಗಗಳು ಹೋದವು. ಕ್ಲೊಪ್ಪೆನ್‌ಬುರ್ಗ್ ಪಟ್ಟಣದಲ್ಲಿ ಸಾವಿರಾರು ಜನ ಸೇರಿದ ಸಭೆಯಲ್ಲಿ ನಾಜಿ ಮುಖಂಡ ಕಾರ್ಲ್ ರ್‍ಯೋವರ್ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಶಿಲುಬೆ ಗೋಡೆಯ ಮೇಲೆ ಉಳಿಯಿತು.

1937ರ ಗರಿಗಳ ಭಾನುವಾರ, ಮಾರ್ಚ್ 21ರಂದು, ಜಗದ್ಗುರು ಹನ್ನೊಂದನೆಯ ಪಿಯುಸ್ ಅವರ ಪರಿಪತ್ರವನ್ನು ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು. ರೂಢಿಯಂತೆ ಲತೀನಿನಲ್ಲಿ ಬರೆಯದೆ ಜರ್ಮನ್ ಭಾಷೆಯಲ್ಲೇ ಬರೆದ ಅದನ್ನು ಗುಟ್ಟಾಗಿ ಅಚ್ಚು ಹಾಕಿ ಹಂಚಲಾಗಿತ್ತು. ಜನಾಂಗವನ್ನೂ ರಾಜ್ಯವನ್ನೂ ದೇವರ ಸ್ಥಾನದಲ್ಲಿ ಕೂರಿಸುವುದು ವಿಗ್ರಹಾರಾಧನೆ ಎಂದು ಅದು ಸಾರಿತು. 1941ರ ಆಗಸ್ಟ್ 3ರಂದು ಮ್ಯೂನ್ಸ್‌ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್, ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ಸರ್ಕಾರ ಕೊಲ್ಲಿಸುತ್ತಿರುವುದನ್ನು ಪ್ರಬೋಧನೆಯಲ್ಲಿ ಬಯಲಿಗೆಳೆದರು. ಅಷ್ಟರಲ್ಲಿ ಸುಮಾರು 70,000 ಮಂದಿ ಬಲಿಯಾಗಿದ್ದರು. ಅದೇ ತಿಂಗಳು ಹಿಟ್ಲರ್ ಆ ಯೋಜನೆಯನ್ನು ನಿಲ್ಲಿಸಲು ಹೇಳಿದ. ಗುಟ್ಟಾಗಿ ಕೊಲೆ ಮುಂದುವರಿದದ್ದು ಬೇರೆ ಮಾತು.

ಅಂದರೆ ಜನರ ಧ್ವನಿಗೆ ಬೆಲೆ ಇತ್ತು. ಹಾಗಾದರೆ ಯೆಹೂದ್ಯರಿಗಾಗಿ ಆ ಧ್ವನಿ ಏಕೆ ಏಳಲಿಲ್ಲ? 1933ರ ಏಪ್ರಿಲಿನಲ್ಲಿ ಅವರ ಅಂಗಡಿಗಳಿಗೆ ಬಹಿಷ್ಕಾರ, 1935ರಲ್ಲಿ ಅವರ ಪೌರತ್ವದ ಹಕ್ಕಿಗೆ ಕತ್ತರಿ. 1938ರ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿ; ಸುಮಾರು 30,000 ಯೆಹೂದ್ಯ ಗಂಡಸರು ಸೆರೆಗೆ. ಮರುದಿನ ಬರ್ಲಿನಿನ ಸಂತ ಹೆಡ್ವಿಗ್ ಪ್ರಧಾನಾಲಯದಲ್ಲಿ ಗುರು ಬರ್ನ್‌ಹಾರ್ಡ್ ಲಿಕ್ಟನ್‌ಬರ್ಗ್, ಹೊರಗೆ ಉರಿಯುತ್ತಿರುವುದೂ ದೇವರ ಮನೆಯೇ ಎಂದು ಹೇಳಿ ಯೆಹೂದ್ಯರಿಗಾಗಿ ಪ್ರಾರ್ಥಿಸಿದರು. ಆ ಪ್ರಾರ್ಥನೆಯನ್ನು ಮುಂದೆಯೂ ನಿಲ್ಲಿಸಲಿಲ್ಲ. 1941ರಲ್ಲಿ ಬಂಧಿತರಾದ ಅವರು 1943ರ ನವೆಂಬರ್ 5ರಂದು ಡಾಖೌಗೆ ಸಾಗಿಸುವ ದಾರಿಯಲ್ಲೇ ತೀರಿಕೊಂಡರು. ಅಂಥವರು ಬೆರಳೆಣಿಕೆಯಷ್ಟು. ನಮ್ಮ ಶಿಲುಬೆಗಾಗಿ ಊರಿಗೆ ಊರೇ ಎದ್ದಿತು. ನೆರೆಯವನ ಮನೆಗಾಗಿ ಒಬ್ಬೊಬ್ಬರೇ ಎದ್ದರು. ಆ ಶಿಲುಬೆಯ ಮೇಲಿದ್ದವರೂ ಒಬ್ಬ ಯೆಹೂದ್ಯರೇ ಅಲ್ಲವೇ?

ಗಡಿಯ ಹೆಸರಿನಲ್ಲಿ

ಒಳಗೆ ಎದುರಾಡುವವರಿಲ್ಲವಾದ ಮೇಲೆ ಹಿಟ್ಲರನ ಕಣ್ಣು ಹೊರಗೆ ಹೊರಳಿತು. 1936ರ ಮಾರ್ಚಿನಲ್ಲಿ ಒಪ್ಪಂದ ಮುರಿದು ರೈನ್ ಪ್ರದೇಶಕ್ಕೆ ಸೈನ್ಯ ಕಳಿಸಿದ. ಯಾರೂ ತಡೆಯಲಿಲ್ಲ. ಲೋಕದ ಶಾಂತಿಗೆಂದು ಹುಟ್ಟಿದ ರಾಷ್ಟ್ರಸಂಘ, 1931ರಲ್ಲಿ ಜಪಾನ್ ಮಂಚೂರಿಯಾವನ್ನು ನುಂಗಿದಾಗಲೂ 1935ರಲ್ಲಿ ಇಟಲಿ ಅಬಿಸೀನಿಯಾದ ಮೇಲೆ ಬಿದ್ದಾಗಲೂ ತಡೆಯಲಾರದೆ ಹೋಗಿತ್ತು. ಅಮೆರಿಕ ಆ ಸಂಘಕ್ಕೆ ಸೇರಲೇ ಇಲ್ಲ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾಯಿತು.

ಮುಂದಿನ ಸರದಿ ಚೆಕೊಸ್ಲೊವಾಕಿಯಾದ್ದು. ಅದರ ಗಡಿಯಂಚಿನ ಸುಡೆಟನ್ ಪ್ರದೇಶದಲ್ಲಿ ಸುಮಾರು 30 ಲಕ್ಷ ಜರ್ಮನ್ ಭಾಷಿಕರಿದ್ದರು. ಗಡಿನಾಡಿನಲ್ಲಿ ಬಾಳುತ್ತಿರುವ ನಮಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು; ಮಕ್ಕಳ ಶಾಲೆ, ಕೆಲಸ ಎಲ್ಲದಕ್ಕೂ ತೊಡಕು. ಆ ಜನರ ದೂರುಗಳಲ್ಲಿ ನಿಜವಾದವೂ ಇದ್ದವು. ಆದರೆ ಹಿಟ್ಲರನಿಗೆ ಬೇಕಾಗಿದ್ದುದು ಅವರ ನೋವಿನ ಪರಿಹಾರವಲ್ಲ, ಯುದ್ಧಕ್ಕೊಂದು ನೆಪ. ಅವರ ಮುಂದಾಳು ಕೊನ್ರಾಡ್ ಹೆನ್‌ಲೈನ್ ಅವನ ಸೂಚನೆಯಂತೆ ಕೇಳಿಕೆಗಳನ್ನು ಏರಿಸುತ್ತಲೇ ಹೋದ. 1938ರ ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ, ಜರ್ಮನಿ ಕೂತು ಸುಡೆಟನ್ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ನೆಲ ಯಾರದೋ ಆ ಚೆಕ್ ಸರ್ಕಾರವನ್ನು ಮಾತುಕತೆಗೆ ಕರೆಯಲೇ ಇಲ್ಲ. ಆರು ತಿಂಗಳಲ್ಲಿ ಜರ್ಮನ್ ಸೈನ್ಯ ಪ್ರಾಗ್ ನಗರದಲ್ಲಿತ್ತು. ಯುದ್ಧ ಮುಗಿದ ಮೇಲೆ ಆ ಗಡಿನಾಡ ಜರ್ಮನ್ನರ ಪಾಡೇನಾಯಿತು? ಅವರಲ್ಲಿ ಹೆಚ್ಚಿನವರನ್ನು ತಲೆತಲಾಂತರದ ಊರುಗಳಿಂದ ಹೊರಗೆ ಅಟ್ಟಲಾಯಿತು. ಅವರ ಹೆಸರಿನಲ್ಲಿ ಕತ್ತಿ ಹಿರಿದವನು ಅವರನ್ನೇ ನಿರ್ಗತಿಕರನ್ನಾಗಿ ಮಾಡಿದ.

1939ರ ಆಗಸ್ಟ್ 23ರಂದು ಹಿಟ್ಲರ್ ತನ್ನ ಬದ್ಧವೈರಿ ಸ್ಟಾಲಿನ್ ಜೊತೆಗೇ ಒಪ್ಪಂದ ಮಾಡಿಕೊಂಡ. ಸೆಪ್ಟೆಂಬರ್ 1ರಂದು ಪೋಲೆಂಡಿಗೆ ನುಗ್ಗಿದ. 3ರಂದು ಬ್ರಿಟನ್, ಫ್ರಾನ್ಸ್ ಯುದ್ಧ ಸಾರಿದವು. ಅದೇ ದಿನ ವೈಸ್‌ರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿ ದುಡಿದರು. 87,000ದಷ್ಟು ಮಂದಿ ಮರಳಲಿಲ್ಲ. ಯುದ್ಧಕಾಲದ 1943ರ ಬಂಗಾಳದ ಕ್ಷಾಮ ಲಕ್ಷಾಂತರ ಬಡವರನ್ನು ನುಂಗಿತು. ಯೂರೋಪಿನಲ್ಲಿ 60 ಲಕ್ಷ ಯೆಹೂದ್ಯರ ಕಗ್ಗೊಲೆಯಾಯಿತು.

ಕಾರಣ ಬೇರೆ, ಹೊಣೆ ಬೇರೆ

ಅವಮಾನ, ಹಸಿವು, ಸುಳ್ಳು, ಸ್ವಾರ್ಥದ ರಾಜಕೀಯ, ನೆರೆಯ ದೇಶಗಳ ಅಂಜಿಕೆ ಇವೆಲ್ಲ ಕಾರಣಗಳು. ಆದರೆ ಕಾರಣ ಇದ್ದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಯುದ್ಧವನ್ನು ಬಯಸಿದವನು ಹಿಟ್ಲರ್. ಅವನನ್ನು ಹೊತ್ತವರು, ಹೆದರಿ ಬಾಯಿ ಮುಚ್ಚಿದವರು ತಮ್ಮ ತಮ್ಮ ಪಾಲಿನ ಹೊಣೆಗಾರರು. 2020ರಲ್ಲಿ, ಯುದ್ಧ ಮುಗಿದ 75ನೇ ವರ್ಷದ ಹೊತ್ತಿಗೆ, ಜರ್ಮನಿಯ ಧರ್ಮಾಧ್ಯಕ್ಷರು ಒಂದು ಹೇಳಿಕೆ ಹೊರಡಿಸಿದರು. ಅಂದಿನ ಧರ್ಮಾಧ್ಯಕ್ಷರು ಯುದ್ಧವನ್ನು ಸ್ಪಷ್ಟವಾಗಿ ವಿರೋಧಿಸದೆ ಅದರ ದೋಷದಲ್ಲಿ ಪಾಲುದಾರರಾದರು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ತಡವಾದರೂ ಅದು ಸತ್ಯವಾದ ಮಾತು.

ಆಸ್ಟ್ರಿಯಾದ ಸಂತ ರಾಡೆಗುಂಡ್ ಎಂಬ ಹಳ್ಳಿಯ ರೈತ ಫ್ರಾನ್ಜ್ ಯೇಗರ್‌ಷ್ಟೆಟರ್ ಊರ ದೇವಾಲಯದ ಪೂಜಾಸಾಮಗ್ರಿ ನೋಡಿಕೊಳ್ಳುತ್ತಿದ್ದವರು. 1938ರಲ್ಲಿ ಹಿಟ್ಲರನ ಆಳ್ವಿಕೆಗೆ 'ಬೇಡ' ಎಂದು ಆ ಊರಿನಲ್ಲಿ ಮತ ಹಾಕಿದವರು ಅವರೊಬ್ಬರೇ. ಅವನ ಯುದ್ಧದಲ್ಲಿ ಹೋರಾಡಲಾರೆ ಎಂದಾಗ ಗುರುಗಳು, ಧರ್ಮಾಧ್ಯಕ್ಷರು ಕೂಡ 'ಹೆಂಡತಿ ಮಕ್ಕಳನ್ನು ನೋಡಿಕೋ' ಎಂದು ಬುದ್ಧಿ ಹೇಳಿದರು. 1943ರ ಆಗಸ್ಟ್ 9ರಂದು ಅವರ ತಲೆ ಕತ್ತರಿಸಲಾಯಿತು. 2007ರಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಸಾರಿದಾಗ, 94 ವರ್ಷದ ಮಡದಿ ಫ್ರಾನ್ಜಿಸ್ಕಾ ಅಲ್ಲಿ ಕುಳಿತಿದ್ದರು.

ಎಲ್ಲರೂ ಹುತಾತ್ಮರಾಗಲು ಆಗುವುದಿಲ್ಲ. ಆದರೆ ಮನೆಯಲ್ಲಿ ಮಾಡಬಹುದಾದದ್ದು ಕೆಲವಿವೆ. ಮೊಬೈಲಿಗೆ ಬಂದ ದ್ವೇಷದ ಸಂದೇಶವನ್ನು ನಿಜವೇ ಎಂದು ಕೇಳದೆ ಮುಂದಕ್ಕೆ ಕಳಿಸದಿರೋಣ. ಊಟದ ಹೊತ್ತಿನಲ್ಲಿ ಯಾವುದೋ ಜಾತಿಯನ್ನು, ಮತವನ್ನು, ಭಾಷೆಯವರನ್ನು ಹಳಿಯುವ ಮಾತು ಬಂದರೆ ಮಕ್ಕಳ ಎದುರೇ ತಡೆಯೋಣ. ನಮ್ಮ ದೇವಾಲಯದ ಗಾಜು ಒಡೆದಾಗ ಸೇರುವಷ್ಟೇ ಜನ, ನೆರೆಯವನ ಗುಡಿಗೋ ಮಸೀದಿಗೋ ತೊಂದರೆಯಾದಾಗಲೂ ಸೇರೋಣ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳ ಜೊತೆಗೆ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವನ್ನೂ ಒಪ್ಪಿಕೊಳ್ಳುತ್ತೇವೆ. ಮುಂದಿನ ಭಾನುವಾರ ಆ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ನಿಂತು, ಯಾರಿಗಾಗಿ ನಾವು ಇನ್ನೂ ಬಾಯಿ ತೆರೆದಿಲ್ಲ ಎಂದು ಕೇಳಿಕೊಳ್ಳೋಣ.