ಕೊಪ್ಪಳದೊಳಗೊಂದು ಯೆನ್ ಚಿಹ್ನೆ

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕೊಪ್ಪಳ’ವನ್ನು ನಕಲಿಸಿ ವೆಬ್ ಸಂಪಾದಕ ತಂತ್ರಾಂಶಕ್ಕೆ ಅಂಟಿಸಿದರೆ ಕಾಣುವುದು ಕೊಪ್ಪಳವಲ್ಲ, ಎಂಟು ಬೇರೆಯೇ ಗುರುತುಗಳು. ಮೊದಲು ಇಂಗ್ಲಿಷಿನ ಪಿ, ಆಮೇಲೆ ನೆತ್ತಿಯ ಮೇಲೆ ಗೀಟು ಹೊತ್ತ ಇ, ಎ ಮತ್ತು ಇ ಬೆಸೆದುಕೊಂಡ ಒಂದಕ್ಷರ, ಜಪಾನಿನ ಯೆನ್ ಚಿಹ್ನೆ, ಗೀಟಿನ ದೊಡ್ಡ ಎ, ಗೀಟಿನ ಸಣ್ಣ ಎ, ಕಾಲು ಭಾಗದ ಭಿನ್ನರಾಶಿ, ಕೊನೆಗೆ ಮತ್ತೊಂದು ದೊಡ್ಡ ಎ. ಸಾಲು, ಪ್ಯಾರಾ ಎಲ್ಲ ನೆಟ್ಟಗಿರುತ್ತವೆ. ಕನ್ನಡ ಮಾತ್ರ ಮಾಯ.

ಬೈಗುಳ ಸಾಮಾನ್ಯವಾಗಿ ಸಂಪಾದಕ ತಂತ್ರಾಂಶಕ್ಕೆ ಬೀಳುತ್ತದೆ. ಆದರೆ ಅದು ಕೆಡಿಸಿದ್ದೇನೂ ಇಲ್ಲ. ಕಡತದಲ್ಲಿ ಮೊದಲಿನಿಂದಲೂ ಇದ್ದದ್ದು ಆ ಎಂಟು ಗುರುತುಗಳೇ. ಹಳೆಯ ನುಡಿಯಂಥ ಆಸ್ಕಿ ಮಾದರಿಯ ಫಾಂಟುಗಳಲ್ಲಿ 256 ಸ್ಥಾನಗಳಷ್ಟೇ ಇದ್ದು, ಲ್ಯಾಟಿನ್ ಅಕ್ಷರಗಳ ಆ ಜಾಗಗಳಲ್ಲಿ ಕನ್ನಡದ ಬಿಡಿಭಾಗಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಮೈ, ಯೆನ್ ಎಂದರೆ ಪಕಾರದ ಮೈ, ಗೀಟಿನ ದೊಡ್ಡ ಎ ತಲೆಕಟ್ಟು, ಸಣ್ಣ ಎ ಪಕಾರದ ಒತ್ತು. ಫಾಂಟು ಒಂದು ವೇಷ. ಬೇರೆಡೆಯಿಂದ ಬಂದ ಫಾಂಟನ್ನು ಕಿತ್ತುಹಾಕಿ ತನ್ನದನ್ನು ತೊಡಿಸುವುದು ವೆಬ್ ಸಂಪಾದಕಗಳ ರೂಢಿ. ವೇಷ ಕಳಚಿದೊಡನೆ ಒಳಗಿನ ಪಾತ್ರಧಾರಿ ಹೊರಬೀಳುತ್ತಾನೆ. ಫಾಂಟನ್ನು ಹಾಗೇ ಉಳಿಸಿಕೊಳ್ಳುವ ಸಂಪಾದಕಗಳೂ ಇವೆ. ಆಗ ಬರೆದವರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಂಡು, ಆ ಫಾಂಟು ಇಲ್ಲದ ಓದುಗರ ಮೊಬೈಲಿನಲ್ಲಿ ಮಾತ್ರ ಕೆಡುತ್ತದೆ. ಕೊಪ್ಪಳದ ಗವಿಮಠದ ಬಂಡೆಯ ಮೇಲಿರುವ ಅಶೋಕನ ಶಾಸನಕ್ಕೆ ಈ ಕಾಟವಿಲ್ಲ. ಅಲ್ಲಿ ಅಕ್ಷರವನ್ನು ಆಕಾರದಿಂದ ಕಳಚುವ ಮಾತೇ ಬರುವುದಿಲ್ಲ.

‘ಗಂಗಾವತಿ’ಯ ಪಾಡು ಇನ್ನೊಂದು ಬಗೆಯದು. ಇದರ ಕೊನೆಯ ‘ತಿ’ ಕಡತದಲ್ಲಿ ಇಂಗ್ಲಿಷಿನ ಸಣ್ಣ ಡಬ್ಲ್ಯೂ. ಶೀರ್ಷಿಕೆಯನ್ನೆಲ್ಲ ದೊಡ್ಡಕ್ಷರ ಮಾಡುವ ಆಜ್ಞೆ ಕೊಟ್ಟರೆ ಉಳಿದವು ಮೊದಲೇ ದೊಡ್ಡವು ಇಲ್ಲವೇ ದೊಡ್ಡ ರೂಪವೇ ಇಲ್ಲದವು ಆದ್ದರಿಂದ ಪಾರಾಗುತ್ತವೆ, ಡಬ್ಲ್ಯೂ ಮಾತ್ರ ಹಿಗ್ಗುತ್ತದೆ. ದೊಡ್ಡ ಡಬ್ಲ್ಯೂ ಜಾಗದಲ್ಲಿರುವುದು ಘಕಾರದ ಮೈ. ಹೀಗೆ ‘ತಿ’ ಹೋಗಿ ಅಲ್ಲಿ ತಲೆಕಟ್ಟಿಲ್ಲದ ‘ಘ’ ಬಂದು ಕೂರುತ್ತದೆ. ವಾಕ್ಯದ ಮೊದಲಕ್ಷರವನ್ನು ತಾನೇ ದೊಡ್ಡದು ಮಾಡುವ ತಿದ್ದುಪಡಿ ಸೌಲಭ್ಯ ‘ತಿಂಗಳು’ ಎಂಬ ಪದಕ್ಕೂ ಇದೇ ಗತಿ ಕಾಣಿಸುತ್ತದೆ.

ಪ್ರತಿ ಲಿಪಿಗೂ ಬೇರೆ ಜಾಗ ಕೊಡುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿ ಸಿಕ್ಕಿತು. ಇಲ್ಲಿ ಉಳಿಯುವುದು ಆಕಾರವಲ್ಲ, ಅಕ್ಷರ. ‘ಕೊಪ್ಪಳ’ ಎಂದರೆ ಕ, ಒಕಾರದ ಗುರುತು, ಪ, ಹಲಂತ, ಪ, ಳ ಎಂಬ ಆರು ಸಂಕೇತಗಳು. ಇವನ್ನು ಜೋಡಿಸಿ ಒತ್ತನ್ನು ಕೆಳಗಿಳಿಸುವುದು ತೆರೆಯ ಮೇಲೆ ಬರೆಯುವ ಯಂತ್ರದ ಕೆಲಸ. ಅದು ಬರದ ತಂತ್ರಾಂಶದಲ್ಲಿ ಒತ್ತು ಇಳಿಯದೆ ‘ಕೊಪ್‌ಪಳ’ ಎಂದು ನಿಲ್ಲುತ್ತದೆ. ಡಿಟಿಪಿ ಅಂಗಡಿಗಳ ಹಳೆಯ ಒಡನಾಡಿ ಪೇಜ್‌ಮೇಕರ್‌ಗೆ ಯುನಿಕೋಡ್ ಬರುವುದೇ ಇಲ್ಲ. ನುಡಿ ಕಡತಗಳು ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ.

ಹಳೆಯದನ್ನು ಹೊಸದಕ್ಕೆ ಕನ್ವರ್ಟ್ ಮಾಡುವಾಗ ನಿಜವಾದ ಪರೀಕ್ಷೆ ‘ಯಲಬುರ್ಗಾ’. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಂತೆ ‘ಗಾ’ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರಕಾರ, ಹಲಂತ, ನಂತರ ‘ಗಾ’. ಪರಿವರ್ತಕವು ಅರ್ಕಾವತ್ತನ್ನು ಎತ್ತಿ ಹಿಂದಕ್ಕೊಯ್ದು ಇಡಬೇಕು. ಮರೆತರೆ ಊರು ‘ಯಲಬುಗಾರ್’ ಆಗುತ್ತದೆ.

ಯುನಿಕೋಡ್ ಬಂದ ಮೇಲೂ ಒಂದು ತೊಡಕು ಉಳಿದಿದೆ. ‘ಪೇಜ್‌ಮೇಕರ್’ ಪದದಲ್ಲಿ ಜಕಾರಕ್ಕೆ ಒತ್ತು ಅಂಟದಂತೆ ತಡೆಯುವ, ಅಗಲವೇ ಇಲ್ಲದ ಒಂದು ಸಂಕೇತವಿದೆ. ಕಾಣದ ಕಸವೆಂದು ಸಂಪಾದಕ ಅದನ್ನು ಗುಡಿಸಿದರೆ ಉಳಿಯುವುದು ‘ಪೇಜ್ಮೇಕರ್’. ಇಲ್ಲಿ ಮಾತ್ರ ತಪ್ಪು ನಿಜಕ್ಕೂ ಸಂಪಾದಕದ್ದೇ.

ಹಳೆಯ ಕಡತಗಳಲ್ಲಿ ಹುಡುಕಾಟದ ನಷ್ಟ ಇದಕ್ಕಿಂತ ದೊಡ್ಡದು. ನುಡಿ ಫಾಂಟಿನಲ್ಲಿರುವ ‘ಕುಷ್ಟಗಿ’ಯನ್ನು ಯುನಿಕೋಡಿನಲ್ಲಿ ‘ಕುಷ್ಟಗಿ’ ಎಂದು ಬರೆದು ಹುಡುಕಿದರೆ ಸಿಗುವುದಿಲ್ಲ. ಯಂತ್ರದ ಲೆಕ್ಕಕ್ಕೆ ಆ ಪುಟದಲ್ಲಿ ಕನ್ನಡವೇ ಇಲ್ಲ.

ಹಳೆಯ ಕಡತವಿದ್ದವರು ಮೊದಲು ಪರಿವರ್ತಿಸಿ, ಆಮೇಲೆ ವಿನ್ಯಾಸವಿಲ್ಲದ ಬರಿ ಪಠ್ಯವಾಗಿ ಅಂಟಿಸುವುದು ಲೇಸು. ಅರ್ಕಾವತ್ತಿರುವ ಪದಗಳನ್ನು ಕಣ್ಣಾರೆ ಓದಿ ನೋಡಬೇಕು. ಅಲ್ಲಿಯವರೆಗೆ ಮೂಲ ಕಡತವನ್ನು ಅಳಿಸಬಾರದು.